ಆಸ್ಪತ್ರೆ ನಿಮ್ಮ ಸಾಲ ತೀರಿಸುತ್ತೇನೆ ಅಂದಾಗ: ಅಮೆರಿಕದಲ್ಲಿ ನರ್ಸ್ ಆಗಿರುವವರು ಸಹಿಗೆ ಮುಂಚೆ ಮಾಡಬೇಕಾದ ಲೆಕ್ಕ

"ಮೂರು ವರ್ಷ ನಮ್ಮಲ್ಲಿರಿ, ನಿಮ್ಮ ಸ್ಟೂಡೆಂಟ್ ಲೋನ್‌ಗೆ 20,000 ಡಾಲರ್ ನಾವು ಕೊಡುತ್ತೇವೆ." ಅಮೆರಿಕದಲ್ಲಿ ನರ್ಸ್ ಕೆಲಸ ಹುಡುಕುವವರಿಗೆ ಇಂಥ ಆಫರ್ ಹೊಸದೇನಲ್ಲ. ಅಲ್ಲೇ ಬೆಳೆದು ಬಿಎಸ್‌ಎನ್ (ನರ್ಸಿಂಗ್ ಪದವಿ) ಮುಗಿಸಿದ ಕನ್ನಡದ ಮನೆಗಳ ಮಕ್ಕಳಿದ್ದಾರೆ. ಮದುವೆಯಾಗಿ ಹೋಗಿ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದಿದವರಿದ್ದಾರೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿ.ಎಸ್ಸಿ ನರ್ಸಿಂಗ್ ಮಾಡಿ ಏಜೆನ್ಸಿ ಮೂಲಕ ಹೋಗುವವರೂ ಇದ್ದಾರೆ. ಪ್ರಶ್ನೆ ಮೂವರಿಗೂ ಒಂದೇ, ಉತ್ತರ ಮಾತ್ರ ಬೇರೆ ಬೇರೆ.

ಆಫರ್ ಕೈಗೆ ಬಂದಾಗ ಕಣ್ಣು ಮೊದಲು ಹೋಗುವುದು ಮೊತ್ತದ ಮೇಲೆ. ನೀವು ಮಾತ್ರ ಮೊದಲು ಕ್ರಮ ನೋಡಿ. ಕೆಲಸ ಮಾಡಿದ ಮೇಲೆ ಹಣ ಬರುತ್ತದಾ, ಅಥವಾ ಹಣ ಬಂದ ಮೇಲೆ ಕೆಲಸ ಮಾಡಿ ತೀರಿಸಬೇಕಾ? ಮೊದಲನೆಯದು ಸಂಬಳದ ಇನ್ನೊಂದು ರೂಪ. ಎರಡನೆಯದು ಸಾಲ. ಬ್ಯಾಂಕಿಗೆ ಇದ್ದ ಋಣ ಆಸ್ಪತ್ರೆಗೆ ವರ್ಗವಾಯಿತು, ಅಷ್ಟೇ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 1: ನಿಮ್ಮ ಸಾಲ ಎಂಥದ್ದು ಅಂತ ಬರೆದುಕೊಳ್ಳಿ

ಬಾಕಿ ಎಷ್ಟು, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಸಾಲ ಕೊಟ್ಟವರು ಯಾರು. ಇಷ್ಟು ಒಂದು ಹಾಳೆಯಲ್ಲಿ ಬರೆಯಿರಿ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಫೆಡರಲ್ ಸರ್ಕಾರದ ಸಾಲವಾದರೆ ಆದಾಯ ನೋಡಿ ಕಂತು ಇಳಿಸಿಕೊಳ್ಳಬಹುದು, ಕಷ್ಟ ಬಂದಾಗ ಸ್ವಲ್ಪ ಕಾಲ ನಿಲ್ಲಿಸಬಹುದು, ಮನ್ನಾ ಆಗುವ ದಾರಿಗಳೂ ಇವೆ. ಖಾಸಗಿ ಬ್ಯಾಂಕಿನ ಸಾಲಕ್ಕೆ ಸರ್ಕಾರದ ಈ ಸವಲತ್ತು ಯಾವುದೂ ಇಲ್ಲ. ಹಾಗಾಗಿ ಎರಡೂ ಇರುವವರು ಆಸ್ಪತ್ರೆ ಕೊಡುವ ಹಣವನ್ನು ಮೊದಲು ಖಾಸಗಿ ಸಾಲಕ್ಕೆ ಹಾಕುವುದು ಸಾಮಾನ್ಯವಾಗಿ ಜಾಣತನ. ಯಾವ ಸಾಲಕ್ಕೆ ಕಟ್ಟಬೇಕು ಅನ್ನುವ ಆಯ್ಕೆ ನಿಮ್ಮದೋ ಅವರದೋ ಅಂತ ಎಚ್‌ಆರ್‌ನವರನ್ನು ಕೇಳಿ.

ಎನ್‌ಪಿ (ನರ್ಸ್ ಪ್ರಾಕ್ಟೀಷನರ್) ಅಥವಾ ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಓದುವ ಯೋಚನೆ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. 2025ರ ಜುಲೈನ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್, ಅಂದರೆ ಪದವಿಯ ಮೇಲಿನ ಓದಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಸಾಲ, ಇಲ್ಲ. ಮಾಸ್ಟರ್ಸ್ ಓದಿಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. 'ಪ್ರೊಫೆಷನಲ್' ಕೋರ್ಸ್‌ಗಳಿಗೆ ಮಿತಿ ಜಾಸ್ತಿ ಇದೆ. ಆದರೆ 2025ರ ನವೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಮುಂದಿಟ್ಟ ಪಟ್ಟಿಯಲ್ಲಿ ನರ್ಸಿಂಗ್ ಇರಲಿಲ್ಲ. ನರ್ಸ್‌ಗಳ ಸಂಘಟನೆಗಳು ಸಿಟ್ಟಾಗಿದ್ದು ಸುಮ್ನೆ ಅಲ್ಲ. ಫೆಡರಲ್ ಸಾಲ ಕಡಿಮೆಯಾದಷ್ಟೂ ಜನ ಖಾಸಗಿ ಸಾಲಕ್ಕೋ ಆಸ್ಪತ್ರೆಯ ಹಣಕ್ಕೋ ಕೈ ಚಾಚುತ್ತಾರೆ. ಆಸ್ಪತ್ರೆಗಳ ಷರತ್ತು ಬಿಗಿಯಾಗುವುದೂ ಇಂಥ ಹೊತ್ತಿನಲ್ಲೇ.

ಹೆಜ್ಜೆ 2: ಸರ್ಕಾರದ ಮನ್ನಾ ನಿಮಗೆ ನಿಜವಾಗಿ ಸಿಗುತ್ತದಾ?

ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್, ಅಂದರೆ ಪಿಎಸ್‌ಎಲ್‌ಎಫ್ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲೋ 501(ಸಿ)(3) ಲಾಭರಹಿತ ಆಸ್ಪತ್ರೆಯಲ್ಲೋ ವಾರಕ್ಕೆ ಕನಿಷ್ಠ 30 ಗಂಟೆ ದುಡಿಯುತ್ತಾ 120 ಕಂತು ಕಟ್ಟಿದರೆ ಉಳಿದ ಫೆಡರಲ್ ಡೈರೆಕ್ಟ್ ಸಾಲ ಮನ್ನಾ. ಕಂತುಗಳು ಸತತವಾಗಿ ಇರಬೇಕಿಲ್ಲ, ಒಂದೇ ಆಸ್ಪತ್ರೆಯಲ್ಲೂ ಇರಬೇಕಿಲ್ಲ. ಮನ್ನಾ ಆದ ಹಣಕ್ಕೆ ಫೆಡರಲ್ ತೆರಿಗೆಯೂ ಇಲ್ಲ.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಲೆಕ್ಕ ಹಾಕಿ. ಒಬ್ಬಂಟಿ ಆರ್‌ಎನ್ (ನೋಂದಾಯಿತ ನರ್ಸ್), ವರ್ಷಕ್ಕೆ 80,000 ಡಾಲರ್ ಸಂಬಳ, 40,000 ಡಾಲರ್ ಸಾಲ. ಆದಾಯ ನೋಡಿ ಕಂತು ಕಟ್ಟುವ ಯೋಜನೆಯಲ್ಲೂ ಇವರ ಕಂತು ತಿಂಗಳಿಗೆ 400 ಡಾಲರ್ ದಾಟುತ್ತದೆ. ಹತ್ತು ವರ್ಷ ಹಾಗೆ ಕಟ್ಟಿದರೆ ಸಾಲವೇ ತೀರಿಹೋಗುತ್ತದೆ, ಮನ್ನಾ ಮಾಡಲು ಏನೂ ಉಳಿಯುವುದಿಲ್ಲ! ಹಾಗಾಗಿ ಸಾಲ ನಿಮ್ಮ ವರ್ಷದ ಸಂಬಳದ ಅರ್ಧದಷ್ಟೇ ಇದ್ದರೆ, ಪಿಎಸ್‌ಎಲ್‌ಎಫ್ ಆಸೆಗೆ ಕಡಿಮೆ ಸಂಬಳದ ಕೆಲಸ ಹಿಡಿಯಬೇಡಿ. ಇಂಥವರಿಗೆ ಆಸ್ಪತ್ರೆ ಕೊಡುವ ಒಂದೊಂದು ಡಾಲರ್ ಕೂಡ ನಿಜವಾದ ಲಾಭ.

ಸಾಲ ಸಂಬಳದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಸಂಸಾರ ದೊಡ್ಡದಿದ್ದು ಕಂತು ಕಡಿಮೆ ಬರುವ ಹಾಗಿದ್ದರೆ, ಕತೆ ತಿರುಗುತ್ತದೆ. ಅಲ್ಲಿ ಹತ್ತಾರು ಸಾವಿರ ಡಾಲರ್ ಮನ್ನಾ ಆಗಬಹುದು. ಆದರೆ ಆಸ್ಪತ್ರೆ ನಿಮ್ಮ ಅಸಲಿಗೆ ಕಟ್ಟುವ ಹಣ ಹೇಗೂ ಮನ್ನಾ ಆಗಬೇಕಿದ್ದ ಭಾಗವನ್ನೇ ತಿನ್ನುತ್ತದೆ. ನಿಮಗೆ ದಕ್ಕುವುದು ಅಲ್ಪ. ಇಂಥವರು ಸಾಲದ ನೆರವಿನ ಬದಲು ಗಂಟೆಯ ದರವನ್ನೋ ನಿವೃತ್ತಿ ಖಾತೆಗೆ ಹಣವನ್ನೋ ಕೇಳುವುದು ವಾಸಿ. 2024ರಿಂದ ಆಸ್ಪತ್ರೆಗಳಿಗೆ ಇನ್ನೊಂದು ಅವಕಾಶವೂ ಇದೆ: ನೀವು ಕಟ್ಟುವ ಸ್ಟೂಡೆಂಟ್ ಲೋನ್ ಕಂತನ್ನೇ ನಿಮ್ಮ ಉಳಿತಾಯ ಅಂತ ಎಣಿಸಿ 401(ಕೆ) ಅಥವಾ 403(ಬಿ) ನಿವೃತ್ತಿ ಖಾತೆಗೆ ತಮ್ಮ ಪಾಲಿನ ಹಣ (ಮ್ಯಾಚ್) ಹಾಕಬಹುದು. ಎಲ್ಲರೂ ಕೊಡುವುದಿಲ್ಲ. ಕೇಳುವುದಕ್ಕೆ ಖರ್ಚಿಲ್ಲ.

ಈ ಹೆಜ್ಜೆಯಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ನೀವು ಕೆಲಸ ಮಾಡುವ ಆಸ್ಪತ್ರೆ ಲಾಭರಹಿತವೇ ಇರಬಹುದು. ಆದರೆ ನಿಮಗೆ ಸಂಬಳ ಕೊಡುವುದು ಸ್ಟಾಫಿಂಗ್ ಏಜೆನ್ಸಿಯಾದರೆ ಪಿಎಸ್‌ಎಲ್‌ಎಫ್ ಲೆಕ್ಕಕ್ಕೆ ಏಜೆನ್ಸಿಯೇ ನಿಮ್ಮ ಧಣಿ. ಆ ತಿಂಗಳುಗಳು ಎಣಿಕೆಗೆ ಬರುವುದಿಲ್ಲ. ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯೂ-2 ಫಾರಂನಲ್ಲಿ ಧಣಿಯನ್ನು ಗುರುತಿಸುವ ಇಐಎನ್ ಅನ್ನುವ ನಂಬರ್ ಇರುತ್ತದೆ. ಸ್ಟೂಡೆಂಟ್‌ಏಡ್ ಡಾಟ್ ಗವ್ ತಾಣದಲ್ಲಿ ಅದನ್ನು ಹಾಕಿದರೆ ಸಂಸ್ಥೆ ಅರ್ಹವೋ ಅಲ್ಲವೋ ತಿಳಿಯುತ್ತದೆ. ಕೆಲಸಕ್ಕೆ ಸೇರುವ ಮುಂಚೆಯೇ ಎಚ್‌ಆರ್‌ನಿಂದ ಆ ನಂಬರ್ ತೆಗೆದುಕೊಳ್ಳಿ. ಆಸ್ಪತ್ರೆಯ ಹೆಸರಿನಲ್ಲಿ ಸಂತರ ಹೆಸರಿದ್ದ ಮಾತ್ರಕ್ಕೆ ಅದು ಧರ್ಮಾರ್ಥ ಆಸ್ಪತ್ರೆ ಅಂದುಕೊಳ್ಳಬೇಡಿ.

ಹೆಜ್ಜೆ 3: ಹಣ ಯಾವ ರೂಪದಲ್ಲಿ ಬರುತ್ತದೆ?

ತೆರಿಗೆ ಇಲ್ಲಿ ದೊಡ್ಡ ಆಟ ಆಡುತ್ತದೆ. ಆಸ್ಪತ್ರೆ ಲಿಖಿತ ಶಿಕ್ಷಣ ನೆರವಿನ ಯೋಜನೆ ಮಾಡಿಕೊಂಡಿದ್ದರೆ ವರ್ಷಕ್ಕೆ 5,250 ಡಾಲರ್‌ವರೆಗೆ ನಿಮ್ಮ ಸ್ಟೂಡೆಂಟ್ ಲೋನ್‌ಗೆ ತೆರಿಗೆ ಇಲ್ಲದೆ ಕಟ್ಟಬಹುದು. ಇದು ತೆರಿಗೆ ಕಾನೂನಿನ ಸೆಕ್ಷನ್ 127. ಸಾಲಕ್ಕೂ ಇದು ಅನ್ವಯಿಸಲು ಶುರುವಾಗಿದ್ದು 2020ರಲ್ಲಿ, ಕೋವಿಡ್ ಕಾಲದ ಕಾನೂನಿನಿಂದ. 2025ರ ಕಾನೂನು ಅದನ್ನು ಕಾಯಂ ಮಾಡಿತು. ಮಿತಿ ಮಾತ್ರ ಒಟ್ಟಾರೆ. ಅದೇ ವರ್ಷ ನಿಮ್ಮ ಎಂಎಸ್‌ಎನ್ ಫೀಸಿಗೆ 3,000 ಡಾಲರ್ ಕೊಟ್ಟಿದ್ದರೆ ಸಾಲಕ್ಕೆ ಉಳಿಯುವುದು 2,250.

ಸೈನ್-ಆನ್ ಬೋನಸ್ (ಕೆಲಸಕ್ಕೆ ಸೇರಿದ್ದಕ್ಕೆ ಕೊಡುವ ಬೋನಸ್) ಅಂತ ಕೊಟ್ಟರೆ ಅದು ಪೂರ್ತಿ ಸಂಬಳ, ಪೂರ್ತಿ ತೆರಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಆಸ್ಪತ್ರೆ ವರ್ಷಕ್ಕೆ 5,250ರಂತೆ ಮೂರು ವರ್ಷ, ಪ್ರತಿ ವರ್ಷ ಕೆಲಸ ಮುಗಿದ ಮೇಲೆ ಕಟ್ಟುತ್ತದೆ. ಒಟ್ಟು 15,750, ತೆರಿಗೆ ಇಲ್ಲ. ಮಧ್ಯದಲ್ಲಿ ಬಿಟ್ಟರೆ ಮುಂದಿನದು ಬರುವುದಿಲ್ಲ, ಹಿಂದಿನದು ನಿಮ್ಮದೇ. ಇನ್ನೊಂದು ಆಸ್ಪತ್ರೆ ಮೊದಲ ದಿನವೇ 20,000 ಬೋನಸ್ ಕೊಡುತ್ತದೆ, ಮೂರು ವರ್ಷದ ಷರತ್ತಿನೊಂದಿಗೆ. ಶೇ 22ರ ಫೆಡರಲ್ ತೆರಿಗೆ, ಶೇ 7.65ರ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಳೆದರೆ ಕೈಗೆ ಬರುವುದು ಸುಮಾರು 14,000. ರಾಜ್ಯದ ತೆರಿಗೆ ಇದ್ದರೆ ಇನ್ನೂ ಕಡಿಮೆ. ಆದರೆ ಬಿಟ್ಟುಹೋದರೆ ನಿಮ್ಮ ತಲೆ ಮೇಲಿರುವುದು 20,000ದ ಲೆಕ್ಕ. ದೊಡ್ಡದಾಗಿ ಕಂಡ ಆಫರೇ ಚಿಕ್ಕದು.

ಮೊದಲೇ ಬಂದ ಹಣಕ್ಕೆ ಒಂದು ಅನುಕೂಲ ಇದೆ, ಅದನ್ನೂ ಹೇಳಬೇಕು. ಶೇ 6ರ ಸಾಲಕ್ಕೆ 14,000 ಡಾಲರ್ ಇವತ್ತೇ ಕಟ್ಟಿದರೆ ವರ್ಷಕ್ಕೆ 840 ಡಾಲರ್ ಬಡ್ಡಿ ಉಳಿಯುತ್ತದೆ. ಆ ಉಳಿತಾಯಕ್ಕಾಗಿ ಮೂರು ವರ್ಷ ಕಟ್ಟಿಹಾಕಿಸಿಕೊಳ್ಳಬೇಕಾ ಅನ್ನುವುದು ನಿಮ್ಮ ಲೆಕ್ಕ. ನನ್ನ ಮಟ್ಟಿಗೆ ಇಲ್ಲ.

ಹೆಜ್ಜೆ 4: ನೆರವನ್ನು ಗಂಟೆಗೆ ಇಳಿಸಿ

ವಾರಕ್ಕೆ ಮೂರು ಹನ್ನೆರಡು ಗಂಟೆಯ ಶಿಫ್ಟ್, ಅಂದರೆ 36 ಗಂಟೆ. ವರ್ಷಕ್ಕೆ 1,872 ಗಂಟೆ. ತೆರಿಗೆ ಇಲ್ಲದ 5,250 ಡಾಲರ್ ಅಂದರೆ ತೆರಿಗೆ ಸಹಿತ ಸುಮಾರು 7,500ಕ್ಕೆ ಸಮ. ಭಾಗಿಸಿದರೆ ಗಂಟೆಗೆ 4 ಡಾಲರ್. ಪಕ್ಕದ ಊರಿನ ಆಸ್ಪತ್ರೆ ಯಾವ ನೆರವೂ ಕೊಡದೆ ಗಂಟೆಗೆ 5 ಡಾಲರ್ ಜಾಸ್ತಿ ಕೊಟ್ಟರೆ ಅದೇ ಮೇಲು. ಓವರ್‌ಟೈಮ್ ದರವೂ ಅದಕ್ಕೆ ತಕ್ಕಂತೆ ಏರುತ್ತದೆ, ಮುಂದಿನ ಕೆಲಸಕ್ಕೆ ಸಂಬಳ ಮಾತಾಡುವಾಗಲೂ ಆ ದರವೇ ಅಡಿಪಾಯ.

ಹಣದ ಜತೆ ರೋಗಿಗಳ ಸಂಖ್ಯೆಯನ್ನೂ ನೋಡಿ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಎಷ್ಟು ಸಲ ಬೇರೆ ಯೂನಿಟ್‌ಗೆ ಫ್ಲೋಟ್ ಮಾಡುತ್ತಾರೆ (ತಾತ್ಕಾಲಿಕವಾಗಿ ಕಳಿಸುತ್ತಾರೆ), ಹೋದ ವರ್ಷ ಆ ಯೂನಿಟ್‌ನಿಂದ ಎಷ್ಟು ಜನ ಬಿಟ್ಟರು. ಜನ ನಿಲ್ಲದ ಯೂನಿಟ್‌ಗೇ ದೊಡ್ಡ ಬೋನಸ್ ಇಡುವುದು ಉಂಟು. ಷ್ಯಾಡೋ ಶಿಫ್ಟ್ ಕೇಳಿ. ಅರ್ಧ ದಿನ ಅಲ್ಲಿನ ನರ್ಸ್ ಜತೆ ಓಡಾಡಿದರೆ ಎಚ್‌ಆರ್ ಹೇಳದ ವಿಷಯ ತಿಳಿಯುತ್ತದೆ.

ಹೆಜ್ಜೆ 5: ಒಪ್ಪಂದವನ್ನು ಬಿಡುವ ದಿನದಿಂದ ಹಿಂದಕ್ಕೆ ಓದಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ಸೇರುವ ಖುಷಿಯಲ್ಲಿ ಓದಿದರೆ ಷರತ್ತು ಕಾಣುವುದಿಲ್ಲ. "ಎರಡೂವರೆ ವರ್ಷಕ್ಕೆ ಬಿಡುತ್ತಿದ್ದೇನೆ, ಈಗ ಎಷ್ಟು ಕಟ್ಟಬೇಕು?" ಅಂತ ಕೇಳಿಕೊಂಡು ಓದಿ.

ಮೊದಲು ನೋಡಬೇಕಾದ್ದು ಬಾಕಿ ಹೇಗೆ ಇಳಿಯುತ್ತದೆ ಅನ್ನುವುದು. ಅದೇ 20,000, ಅದೇ ಮೂರು ವರ್ಷ, ಬಿಟ್ಟಿದ್ದು 30ನೇ ತಿಂಗಳಲ್ಲಿ. ತಿಂಗಳಿಗೆ ಇಷ್ಟು ಅಂತ ಇಳಿಯುವ ಒಪ್ಪಂದವಾದರೆ ಕಟ್ಟಬೇಕಾದ್ದು ಸುಮಾರು 3,333. ಪೂರ್ತಿ ವರ್ಷ ಮುಗಿದರೆ ಮಾತ್ರ ಇಳಿಯುವುದಾದರೆ 6,667. ಮೂರು ವರ್ಷ ತುಂಬದಿದ್ದರೆ ಎಲ್ಲವೂ ವಾಪಸ್ ಅನ್ನುವುದಾದರೆ ಪೂರ್ತಿ 20,000. ಮೂರೂ ಒಪ್ಪಂದಗಳಿಗೆ ಜಾಹೀರಾತಿನ ಸಾಲು ಒಂದೇ ಇರುತ್ತದೆ.

ಆಮೇಲೆ, ಏನಾದರೆ ಷರತ್ತು ಮುರಿದಂತೆ? ರಾಜೀನಾಮೆ ಒಂದೇ ಅಂದುಕೊಳ್ಳಬೇಡಿ. ಪೂರ್ಣಾವಧಿಯಿಂದ ಪಾರ್ಟ್‌ಟೈಮ್‌ಗೆ ಇಳಿದರೆ? ರಾತ್ರಿ ಪಾಳಿಯಿಂದ ಹಗಲಿಗೆ ಬಂದರೆ? ಅದೇ ಆಸ್ಪತ್ರೆಯ ಬೇರೆ ಯೂನಿಟ್‌ಗೆ ಹೋದರೆ? ಹೆರಿಗೆ ರಜೆಯ ವಾರಗಳು ಮೂರು ವರ್ಷದ ಎಣಿಕೆಗೆ ಸೇರುತ್ತವಾ, ಅಥವಾ ಗಡಿಯಾರ ನಿಲ್ಲುತ್ತದಾ? ಆಸ್ಪತ್ರೆಯೇ ನಿಮ್ಮನ್ನು ತೆಗೆದರೆ, ಯೂನಿಟ್ ಮುಚ್ಚಿದರೆ, ಇನ್ನೊಂದು ಕಂಪನಿ ಆಸ್ಪತ್ರೆಯನ್ನು ಕೊಂಡುಕೊಂಡರೆ? ಒಪ್ಪಂದದಲ್ಲಿ "ಯಾವುದೇ ಕಾರಣಕ್ಕೆ ಕೆಲಸ ಕೊನೆಗೊಂಡರೆ" ಅಂತ ಇದ್ದರೆ ಅಲ್ಲೇ ನಿಲ್ಲಿ. ಅವರ ತಪ್ಪಿಗೂ ದುಡ್ಡು ಕಟ್ಟುವವರು ನೀವೇ ಅಂತ ಅದರ ಅರ್ಥ. ಸಹಿ ಹಾಕುವ ಮುಂಚೆ ಇದನ್ನು "ನಾನಾಗಿ ಬಿಟ್ಟರೆ, ಅಥವಾ ಗಂಭೀರ ದುರ್ನಡತೆಗೆ ತೆಗೆದರೆ" ಅಂತ ಬದಲಿಸಲು ಕೇಳಿ.

ಬಡ್ಡಿ ಹಾಕುತ್ತಾರಾ, ವಸೂಲಿಯ ವಕೀಲರ ಖರ್ಚು ಯಾರದು, ಕೊನೆಯ ಸಂಬಳದಿಂದ ಮುರಿದುಕೊಳ್ಳುತ್ತಾರಾ, ಎಷ್ಟು ದಿನದಲ್ಲಿ ಕಟ್ಟಬೇಕು. ಇದೆಲ್ಲ ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ. ಬೋನಸ್ ವಾಪಸ್ ಕಟ್ಟುವಾಗ ತೆರಿಗೆ ಕಳೆದ ಮೊತ್ತವೋ ಪೂರ್ತಿ ಮೊತ್ತವೋ ಅನ್ನುವುದನ್ನೂ ಬರೆಸಿಕೊಳ್ಳಿ. ಅದೇ ವರ್ಷದೊಳಗೆ ಕಟ್ಟಿದರೆ ಸರಿಪಡಿಸುವುದು ಸುಲಭ. ವರ್ಷ ದಾಟಿದರೆ, ಕೈಗೇ ಬರದ ಹಣವನ್ನೂ ಸೇರಿಸಿ ಕಟ್ಟಿ, ಆಮೇಲೆ ತೆರಿಗೆ ಫೈಲಿಂಗ್‌ನಲ್ಲಿ ಪರಿಹಾರ ಹುಡುಕಬೇಕಾಗುತ್ತದೆ.

ಒಪ್ಪಂದ ನ್ಯಾಯವಾಗಿದೆಯಾ ಅಂತ ಅಳೆಯಲು ಕ್ಯಾಲಿಫೋರ್ನಿಯಾದ ಎಬಿ 692 ಕಾನೂನು ಒಳ್ಳೆಯ ಅಳತೆಗೋಲು. 2026ರ ಜನವರಿ 1ರಿಂದ ಆಗುವ ಒಪ್ಪಂದಗಳಿಗೆ ಅದು ಅನ್ವಯ. ಕೆಲಸ ಬಿಟ್ಟರೆ ಧಣಿಗೆ ದುಡ್ಡು ಕಟ್ಟಬೇಕು ಅನ್ನುವ ಷರತ್ತುಗಳನ್ನು ಅದು ಬಹುಪಾಲು ನಿಷೇಧಿಸುತ್ತದೆ. ಸೈನ್-ಆನ್ ಬೋನಸ್‌ಗೆ ವಿನಾಯಿತಿ ಉಂಟು, ಆದರೆ ಹಲವು ಕಟ್ಟುಪಾಡುಗಳೊಂದಿಗೆ: ಪ್ರತ್ಯೇಕ ಒಪ್ಪಂದ ಇರಬೇಕು, ವಕೀಲರನ್ನು ಕೇಳಲು ಕನಿಷ್ಠ ಐದು ಕೆಲಸದ ದಿನ ಕೊಡಬೇಕು, ಷರತ್ತಿನ ಅವಧಿ ಎರಡು ವರ್ಷ ಮೀರಬಾರದು, ಬಾಕಿ ದಿನ ಕಳೆದಂತೆ ಇಳಿಯಬೇಕು, ಬಡ್ಡಿ ಇರಬಾರದು, ಬೇಕಾದರೆ ಅವಧಿ ಮುಗಿದ ಮೇಲೆ ಹಣ ತೆಗೆದುಕೊಳ್ಳುವ ಆಯ್ಕೆ ಕೊಡಬೇಕು. ನೀವು ಟೆಕ್ಸಾಸ್‌ನಲ್ಲೋ ಒಹಾಯೋದಲ್ಲೋ ಇದ್ದರೆ ಈ ಕಾನೂನು ನಿಮ್ಮನ್ನು ಕಾಯುವುದಿಲ್ಲ. ಆದರೆ ಈ ಪಟ್ಟಿ ಹಿಡಿದು ನಿಮ್ಮ ಕಾಗದ ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಹೆಜ್ಜೆ 6: ಬೇರೆ ಬಾಗಿಲುಗಳನ್ನೂ ತಟ್ಟಿ

ಫೆಡರಲ್ ಸರ್ಕಾರದ ನರ್ಸ್ ಕೋರ್ ಯೋಜನೆಯಲ್ಲಿ, ನರ್ಸ್‌ಗಳ ಕೊರತೆ ಇರುವ ಸಂಸ್ಥೆಯಲ್ಲಿ ಎರಡು ವರ್ಷ ಪೂರ್ಣಾವಧಿ ದುಡಿದರೆ ಅರ್ಹ ನರ್ಸಿಂಗ್ ಸಾಲದ ಶೇ 60 ಕಟ್ಟುತ್ತಾರೆ. ಮೂರನೇ ವರ್ಷಕ್ಕೆ ಅವಕಾಶ ಸಿಕ್ಕರೆ ಮೂಲ ಸಾಲದ ಇನ್ನೂ ಶೇ 25. ಈ ಹಣಕ್ಕೆ ತೆರಿಗೆ ಉಂಟು, ಆಯ್ಕೆಯಲ್ಲಿ ಪೈಪೋಟಿಯೂ ಉಂಟು. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಮಧ್ಯದಲ್ಲಿ ಬಿಟ್ಟರೆ ಬಡ್ಡಿ ಸಮೇತ ವಾಪಸ್ ಕೇಳುತ್ತಾರೆ. ಇನ್ನೊಂದು ಎಚ್ಚರ: ಆಸ್ಪತ್ರೆಗೆ ಈಗಾಗಲೇ ಸೇವೆಯ ಷರತ್ತು ಬರೆದುಕೊಟ್ಟಿದ್ದರೆ ಅದು ಈ ಅರ್ಜಿಗೆ ಅಡ್ಡ ಬರಬಹುದು. ಆ ವರ್ಷದ ಮಾರ್ಗಸೂಚಿ ಓದಿದ ಮೇಲೆಯೇ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿ.

ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಅಂದರೆ ವಿಎಯಲ್ಲಿ, ಇಡಿಆರ್‌ಪಿ ಅನ್ನುವ ಯೋಜನೆ ಇದೆ. ವರ್ಷಕ್ಕೆ 40,000ದವರೆಗೆ, ಐದು ವರ್ಷದಲ್ಲಿ 2 ಲಕ್ಷ ಡಾಲರ್‌ವರೆಗೆ, ತೆರಿಗೆ ಇಲ್ಲ. ನೀವು ಮೊದಲು ಕಂತು ಕಟ್ಟುತ್ತೀರಿ, ಅವರು ಆಮೇಲೆ ತುಂಬಿಕೊಡುತ್ತಾರೆ. ಕೆಲಸ ಮೊದಲು, ಹಣ ಆಮೇಲೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಎಲ್ಲ ಹುದ್ದೆಗೂ ಇದು ಇರುವುದಿಲ್ಲ, ಆದ್ದರಿಂದ ಕೆಲಸದ ಪ್ರಕಟಣೆಯಲ್ಲೇ ಆ ಹೆಸರು ಇದೆಯಾ ನೋಡಿ.

ಹೆಜ್ಜೆ 7: ಬಾಯಿ ಬಿಟ್ಟು ಕೇಳಿ

ನಮ್ಮಲ್ಲಿ ಸಂಕೋಚ ಜಾಸ್ತಿ. ಕೆಲಸ ಕೊಟ್ಟಿದ್ದೇ ದೊಡ್ಡದು, ಇನ್ನೇನು ಕೇಳುವುದು ಅನ್ನಿಸುತ್ತದೆ. ಅಲ್ಲಿ ಕೇಳುವುದು ಮಾಮೂಲು. ಇಮೇಲ್‌ನಲ್ಲೇ ಕೇಳಿ: "ಬೋನಸ್ ಬದಲು ಅದೇ ಮೊತ್ತವನ್ನು ಸೆಕ್ಷನ್ 127ರ ಅಡಿ ವರ್ಷ ವರ್ಷ ಸಾಲಕ್ಕೆ ಕಟ್ಟಲು ಸಾಧ್ಯವೇ? ಬಾಕಿ ತಿಂಗಳು ತಿಂಗಳು ಇಳಿಯುವಂತೆ ಬರೆಯಬಹುದೇ? ಹೆರಿಗೆ ರಜೆಯನ್ನು ಅವಧಿಗೆ ಸೇರಿಸುತ್ತೀರಾ?" ಫೋನಿನಲ್ಲಿ ರಿಕ್ರೂಟರ್ "ಅದೆಲ್ಲ ಆಗುತ್ತೆ, ಚಿಂತೆ ಬೇಡ" ಅಂದರೆ ಅದಕ್ಕೆ ಬೆಲೆ ಇಲ್ಲ. ಕಾಗದದಲ್ಲಿ ಬಂದರೆ ಮಾತ್ರ ಬಂತು. ಮೊತ್ತ ಏರಿಸಿ ಅಂತ ಕೇಳುವ ಬದಲು ಅವಧಿ ಇಳಿಸಿ ಅಂತ ಕೇಳಿ. ಮೊತ್ತಕ್ಕೆ ಬಜೆಟ್ ಇರುತ್ತದೆ, ಷರತ್ತಿನಲ್ಲಿ ಅವರು ಬಗ್ಗುವ ಸಾಧ್ಯತೆ ಜಾಸ್ತಿ.

ಕರ್ನಾಟಕದಿಂದ ಏಜೆನ್ಸಿ ಮೂಲಕ ಹೋಗುವವರಿಗೆ

ಇಲ್ಲಿಯ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಪಿಎಸ್‌ಎಲ್‌ಎಫ್ ಇಲ್ಲ, ನರ್ಸ್ ಕೋರ್ ಇಲ್ಲ. ಸೆಕ್ಷನ್ 127ರ ತೆರಿಗೆ ವಿನಾಯಿತಿ ಅಮೆರಿಕದ ಫೆಡರಲ್ ವಿದ್ಯಾರ್ಥಿ ನೆರವಿಗೆ ಅರ್ಹವಾದ ಕಾಲೇಜುಗಳ ಓದಿಗೆ ಮಾಡಿದ ಸಾಲಕ್ಕೆ ಸಂಬಂಧಿಸಿದ್ದು. ನಮ್ಮ ಊರಿನ ನರ್ಸಿಂಗ್ ಕಾಲೇಜಿನ ಸಾಲಕ್ಕೆ ಅದು ಸಾಮಾನ್ಯವಾಗಿ ಒದಗುವುದಿಲ್ಲ. ಏಜೆನ್ಸಿ ಕೊಡುವುದನ್ನು ತೆರಿಗೆ ಬೀಳುವ ಬೋನಸ್ ಅಂತಲೇ ಎಣಿಸಿ.

ಇನ್ನೊಂದು ಲೆಕ್ಕ ನೋಡಿ. ಇಲ್ಲಿ ನಾಲ್ಕು ಲಕ್ಷ ರೂಪಾಯಿ ಸಾಲ ಬೆಟ್ಟದ ಹಾಗೆ ಕಾಣುತ್ತದೆ. ಡಾಲರ್‌ಗೆ ತಿರುಗಿಸಿದರೆ ಐದು ಸಾವಿರಕ್ಕೂ ಕಡಿಮೆ. ಅಲ್ಲಿನ ಆರ್‌ಎನ್ ಸಂಬಳದಲ್ಲಿ ಒಂದು ವರ್ಷ ಒತ್ತಿ ಹಿಡಿದರೆ ತೀರುತ್ತದೆ. ಅದಕ್ಕಾಗಿ ಮೂರು ವರ್ಷದ ಷರತ್ತಿಗೆ, ಹತ್ತಾರು ಸಾವಿರ ಡಾಲರ್ ದಂಡಕ್ಕೆ ಸಹಿ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ವೀಸಾ ಮತ್ತು ಗ್ರೀನ್ ಕಾರ್ಡ್ ಕಾರಣಕ್ಕೆ ಹೇಗೂ ಒಂದು ಒಪ್ಪಂದ ಇರುತ್ತದೆ, ಅದು ಬೇರೆ. ಸಾಲದ ನೆರವನ್ನು ಅದರ ಜತೆ ಗಂಟು ಹಾಕಲು ಬಿಡಬೇಡಿ, ಎರಡಕ್ಕೂ ಬೇರೆ ಬೇರೆ ಕಾಗದ ಕೇಳಿ.

ದಂಡದ ಷರತ್ತು ಬರೆದ ಮಾತ್ರಕ್ಕೆ ಅದು ನಡೆಯುತ್ತದೆ ಅಂತಲೂ ಇಲ್ಲ. ಫಿಲಿಪ್ಪೀನ್ಸ್‌ನಿಂದ ನ್ಯೂಯಾರ್ಕ್‌ಗೆ ಬಂದ ನರ್ಸ್‌ಗಳ ಪ್ರಕರಣದಲ್ಲಿ, ಅವಧಿಗೆ ಮುಂಚೆ ಬಿಟ್ಟರೆ 25,000 ಡಾಲರ್ ಕಟ್ಟಬೇಕೆಂಬ ಷರತ್ತು ಬಲವಂತದ ದುಡಿಮೆ ತಡೆಯುವ ಕಾನೂನಿಗೆ ವಿರುದ್ಧ ಅಂತ 2019ರಲ್ಲಿ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು. ಹಾಗಂತ ಕೋರ್ಟ್ ನೆಚ್ಚಿಕೊಂಡು ಸಹಿ ಹಾಕಬೇಡಿ. ಆ ನರ್ಸ್‌ಗಳು ಆ ತೀರ್ಪಿಗೆ ವರ್ಷಗಟ್ಟಲೆ ಕಾದಿದ್ದಾರೆ.

ಸಹಿ ಹಾಕಿ ಆಗಿದ್ದರೆ

ಬಿಡುವ ಯೋಚನೆ ಬಂದ ದಿನವೇ ಎಚ್‌ಆರ್‌ಗೆ ಓಡಬೇಡಿ. ಮೊದಲು ಒಪ್ಪಂದದ ಪ್ರತಿ ಹುಡುಕಿ ಬಾಕಿಯನ್ನು ನೀವೇ ಲೆಕ್ಕ ಹಾಕಿ. ಇನ್ನೊಂದು ಆಸ್ಪತ್ರೆಯ ಬೋನಸ್‌ನಿಂದ ಈ ಬಾಕಿ ತೀರಿಸಬಹುದು ಅನ್ನಿಸುತ್ತದೆ. ಆದರೆ ಹೊಸ ಬೋನಸ್‌ಗೆ ಹೊಸ ಷರತ್ತು, ಅದಕ್ಕೂ ತೆರಿಗೆ. ಗಂಟೆಯ ದರ ಜಾಸ್ತಿ ಸಿಗುವ ಕಡೆ ಹೋಗಿ ಹಳೆಯ ಬಾಕಿಗೆ ಕಂತು ಕೇಳುವುದು ಎಷ್ಟೋ ವಾಸಿ. ಕಂತಿನ ಮಾತುಕತೆ ಬರಹದಲ್ಲಿ ಇರಲಿ.

ನರ್ಸ್ ಯೂನಿಯನ್ ಇದ್ದರೆ ಅವರ ಪ್ರತಿನಿಧಿಯ ಹತ್ತಿರ ಮೊದಲು ಹೋಗಿ, ಇಲ್ಲದಿದ್ದರೆ ನಿಮ್ಮ ರಾಜ್ಯದ ಕಾರ್ಮಿಕ ಇಲಾಖೆ ಅಥವಾ ಅಟಾರ್ನಿ ಜನರಲ್ ಕಚೇರಿಗೆ. ಕೊನೆಯ ಸಂಬಳದಿಂದ ಎಷ್ಟು ಮುರಿದುಕೊಳ್ಳಬಹುದು ಅನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನೋಟಿಸ್ ಕೊಡುವ ಮುಂಚೆ ಅದನ್ನು ತಿಳಿದುಕೊಂಡು, ಎರಡು ತಿಂಗಳ ಖರ್ಚಿನ ಹಣ ಬೇರೆ ಖಾತೆಯಲ್ಲಿ ಇಟ್ಟುಕೊಂಡು, ಆಮೇಲೆ ಕಾಗದ ಕೊಡಿ.